ಹಿಂದಿನ ಚಕ್ರದ ಗಾಳಿ

ನಮ್ಮ ಕಟ್ಟಡದಲ್ಲಿ ಒಂದು ಮೊಳೆ ಹೊಡೆಯಬೇಕಾದರೂ ಸಭೆ ಸೇರಬೇಕು. ಸಭೆ ಸೇರಿದರೆ ಸಾಲದು, ಎಲ್ಲರೂ ಒಪ್ಪಬೇಕು. ಒಪ್ಪಿದರೂ ಸಾಲದು, ಒಪ್ಪಿದವರ ಮನಸ್ಸಿನಲ್ಲಿ ಬೇಸರವೇನಾದರೂ ಉಳಿದಿದೆಯೇ ಎಂದು ಅಧ್ಯಕ್ಷರು ಒಬ್ಬೊಬ್ಬರನ್ನೂ ಕೇಳಬೇಕು. ಅಷ್ಟು ಹೊತ್ತಿಗೆ ಕಾಫಿ ತಣ್ಣಗಾಗಿರುತ್ತದೆ, ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಬಿದ್ದಿರುತ್ತದೆ. ತಲೆಗೆ ಒಂದೇ ಬಿಸ್ಕತ್ತು. ಡಬ್ಬಿ ಎರಡನೆಯ ಸಲ ತೆರೆದದ್ದನ್ನು ಈ ಕಾಂಪೆನ್ ಊರಿನಲ್ಲಿ ಹುಟ್ಟಿ ಬೆಳೆದ ನಾನು ಕಂಡಿಲ್ಲ. ಮೊಳೆಯ ವಿಷಯ ಮುಂದಿನ ಸಭೆಗೆ ಹೋಗಿರುತ್ತದೆ. ಇಂಥವರ ನಡುವೆ ನಾನು ಸೈಕಲ್ಲಿಗೆ ಗಾಳಿ ತುಂಬುವ ಒಂದು ಕಂಪ್ರೆಸರ್ ತರಿಸಲು ಹೊರಟೆ. ನನ್ನ ಬುದ್ಧಿಗೆ ಏನೆನ್ನಬೇಕು.

ಹನ್ನೆರಡು ಮನೆಗಳ ಕಟ್ಟಡ ನಮ್ಮದು. ಎಲ್ಲರ ಸೈಕಲ್ಲುಗಳೂ ನೆಲಮಾಳಿಗೆಯಲ್ಲಿ. ಅಲ್ಲಿ ಗೋಡೆಗೆ ಸರಪಳಿ ಹಾಕಿ ಕಟ್ಟಿದ ಒಂದು ಕೈಪಂಪು ಇದೆ. ಎಲ್ಲರಿಗೂ ಸೇರಿ ಅದೊಂದೇ. ಮನೆಗೊಂದು ಪಂಪು ದುಂದುವೆಚ್ಚ ಎಂದು ಹಿಂದೆ ಯಾವುದೋ ಸಭೆಯಲ್ಲಿ ಎಲ್ಲರೂ ಒಪ್ಪಿದ್ದರು. ಪಾದ ಮೆಟ್ಟಿ ನಿಂತು, ಎರಡೂ ಕೈಯಲ್ಲಿ ಮೈಭಾರ ಬಿಟ್ಟು ಒತ್ತಬೇಕಾದ ಹಳೆಯ ಕಬ್ಬಿಣದ ಪಂಪು. ಒತ್ತಿದಾಗಲೆಲ್ಲ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚುತ್ತದೆ. ಎಣ್ಣೆ ಹಾಕೋಣವೆಂದರೆ ಯಾವ ಎಣ್ಣೆ ಎಂದು ಸಭೆ ಕರೆದಾರೆಂದು ಹೆದರಿ ಯಾರೂ ಹಾಕಿಲ್ಲ.

ಆ ಪಂಪಿನ ಜೊತೆ ನನಗೆ ಜಗಳ ಶುರುವಾದದ್ದು ನೆಲಮಹಡಿಯ ಅಲೈಡಾ ಅವರ ದೆಸೆಯಿಂದ. ಎಂಬತ್ತರ ಅಂಚಿನ ಹೆಂಗಸು. ಗಂಡ ವೀಬೆ ಹಳೆಯ ಅಂಚೆಯವರು, ಕಳೆದ ವರ್ಷದಿಂದ ನದಿಯಾಚೆಯ ವೃದ್ಧಾಶ್ರಮದಲ್ಲಿದ್ದಾರೆ. ಮರೆವಿನ ರೋಗ. ಅಲೈಡಾ ದಿನಾ ಬೆಳಿಗ್ಗೆ ಸೈಕಲ್ ಹತ್ತಿ ಸೇತುವೆ ದಾಟಿ ಹೋಗುತ್ತಾರೆ. ವೀಬೆ ಸೈಕಲ್ ದಾರಿಗೆ ಮುಖಮಾಡಿದ ಕಿಟಕಿಯ ಪಕ್ಕ ಕೂತಿರುತ್ತಾರೆ. ದೂರದಲ್ಲಿ ಆ ಎತ್ತರದ ಹ್ಯಾಂಡಲ್ಲಿನ ಕಪ್ಪು ಸೈಕಲ್ಲು, ನೆಟ್ಟಗೆ ಕೂತ ಬೆನ್ನು, ಹಸಿರು ಕೋಟು ಕಂಡರೆ ಅವರಿಗೆ ಹೆಂಡತಿ ಬಂದಳೆಂದು ತಿಳಿಯುತ್ತದೆ. ಒಂದು ಗಂಟೆಯ ಕಾಲ ಅವರು ಗಂಡ, ಇವರು ಹೆಂಡತಿ. ಚಳಿಗಾಲದಲ್ಲಿ ಅಲೈಡಾ ಸೇತುವೆಯ ಮೇಲೆ ಹಿಮಕ್ಕೆ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡಾಗ ಕೆಲವು ವಾರ ಬಸ್ಸಿನಲ್ಲಿ ಹೋಗಿದ್ದರು. ಆಗ ಅಲ್ಲಿ ಏನಾಯಿತೆಂದು ನನಗೆ ಹೇಳಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನವೇ ಡಾಕ್ಟರ ಮಾತು ಕೇಳದೆ ಸೈಕಲ್ ಹತ್ತಿದರು ಎಂಬುದಷ್ಟೇ ನನಗೆ ಗೊತ್ತು.

ಹ್ಯಾಂಡಲ್ ಹಿಡಿಯಲು ಆ ಕೈ ಸಾಕು, ಪಂಪು ಒತ್ತಲು ಸಾಲದು. ನಾನು ಮೂವತ್ತು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದವಳು, ಕೆಲಸ ಬಿಟ್ಟರೂ ಬೆಳಕು ಹರಿಯುವ ಮುಂಚೆ ಎಚ್ಚರವಾಗುತ್ತದೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನೆಲಮಾಳಿಗೆಗೆ ಇಳಿದಾಗ ಅಲೈಡಾ ಅವರ ಸೈಕಲ್ಲಿನ ಹಿಂದಿನ ಚಕ್ರ ಮೆತ್ತಗಾಗಿದ್ದುದು ಕಂಡಿತು. ಹೇಳಿದರೆ ಪ್ರಯೋಜನವಿಲ್ಲ. ಸಂತೆಯ ಚೀಲ ಹಿಡಿಯಲು ಹೋದವರಿಗೇ “ಯಾಕೆ, ನಂಗೆ ಕೈಯಿಲ್ವಾ?” ಎನ್ನುವ ಹೆಂಗಸು. ಸುಮ್ಮನೆ ಗಾಳಿ ಹೊಡೆದಿಟ್ಟು ಮೇಲೆ ಬಂದೆ. ಮೂರು ದಿನಕ್ಕೆ ಮತ್ತೆ ಇಳಿದಿತ್ತು. ಮತ್ತೆ ಹೊಡೆದೆ. ಆಮೇಲೆ ಅದೇ ಅಭ್ಯಾಸವಾಯಿತು. ಬೇಸಿಗೆ ಬಂದು ಹೋಯಿತು, ನನ್ನ ಬಲಭುಜ ಹಿಡಿದುಕೊಂಡಿತು, ಕೂದಲು ಬಾಚುವುದಕ್ಕೂ ಕೈ ಮೇಲೇಳದ ಹಾಗಾಯಿತು. ಅಷ್ಟರಲ್ಲಿ ನನಗೆ ಹೊಳೆದದ್ದು ಕಂಪ್ರೆಸರ್. ಒಂದು ಗುಂಡಿ ಒತ್ತಿದರೆ ಮುಗಿಯಿತು, ಮುರಿದ ಮಣಿಕಟ್ಟೂ ಒತ್ತಬಹುದು, ಯಾರ ಹಂಗೂ ಇಲ್ಲ.

ಸಭೆ ನಮ್ಮ ಅಧ್ಯಕ್ಷರಾದ ಓನ್ನೋ ಅವರ ಮನೆಯಲ್ಲಿ. ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಏನೆಂದು ತಿಳಿಯಬೇಕಾದವರು ಒಮ್ಮೆ ಅವರನ್ನು ನೋಡಬೇಕು. ಜೀವಮಾನದಲ್ಲಿ ಒಬ್ಬರ ಮಾತನ್ನೂ ಅಲ್ಲಗಳೆದವರಲ್ಲ, ಒಬ್ಬರ ಮಾತನ್ನೂ ನಡೆಸಿಕೊಟ್ಟವರೂ ಅಲ್ಲ.

ನಾನು ವಿಷಯ ಎತ್ತಿದ ಕೂಡಲೇ ಹಾರ್ಮೆನ್ ಎದೆ ಉಬ್ಬಿಸಿ ಕೂತ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಿವೃತ್ತಿಯಾದದ್ದು ಮಾತ್ರ ಅವನಿಗಿನ್ನೂ ಗೊತ್ತಾದಂತಿಲ್ಲ.

“ಗಾಳಿ ಹೊಡೆಯೋದು ವ್ಯಾಯಾಮ, ಫೆಮ್ಮಿ. ಬೆನ್ನಿಗೆ ಒಳ್ಳೇದು, ಎದೆಗೆ ಒಳ್ಳೇದು. ಮಿಷನ್ ಇಟ್ರೆ ಇನ್ನು ಸೈಕಲ್ ತುಳಿಯೋಕೂ ಒಂದು ಮಿಷನ್ ಕೇಳ್ತೀಯ.”

“ವ್ಯಾಯಾಮ ಬೇಕಾದವರು ಮೆಟ್ಟಿಲು ಹತ್ತಿ ಇಳೀಲಿ ಕಣೋ ಹಾರ್ಮೆನ್. ಬೇಡ ಅಂದೋರು ಯಾರು?”

“ಆ ಕಂಪ್ರೆಸರ್ ಗಡಗಡ ಅಂತ ಶುರುವಾದ್ರೆ ನನ್ನ ಮಂಚ ನಡುಗುತ್ತೆ. ಟ್ಯೂಬು ಢಂ ಅಂದ್ರೆ ಜವಾಬ್ದಾರಿ ಯಾರದು?”

“ಈಗ ಆ ಪಂಪು ಕಿರುಚೋದು ನಿನಗೆ ಜೋಗುಳದ ಹಾಗೆ ಕೇಳಿಸ್ತದಾ?”

ಓನ್ನೋ ಎರಡೂ ಕೈ ಎತ್ತಿದರು. “ಇಬ್ಬರು ಹೇಳೋದ್ರಲ್ಲೂ ಸತ್ಯ ಇದೆ.”

ನನಗೆ ಮೈ ಉರಿಯಿತು. ಆದರೂ ತಡೆದುಕೊಂಡು, ಹೆಸರು ಹೇಳದೆ, “ನಮ್ಮಲ್ಲಿ ವಯಸ್ಸಾದವರೂ ಇದ್ದಾರೆ. ಅವರಿಗೆ ಒತ್ತೋಕಾಗಲ್ಲ” ಎಂದೆ.

“ಯಾರಿಗೆ ವಯಸ್ಸಾಯ್ತು?” ಎಂದರು ಅಲೈಡಾ. ಅಲ್ಲಿಯವರೆಗೂ ಬಟ್ಟಲು ಹಿಡಿದು ಸುಮ್ಮನಿದ್ದವರು. “ನಂಗೆ ಈ ಪಂಪೇ ಸಾಕು. ಹಾಗೆ ನೋಡಿದ್ರೆ ನಂಗೆ ಪಂಪೂ ಬೇಡ. ನನ್ನ ಹಿಂದಿನ ಚಕ್ರದ ಟ್ಯೂಬು ವೀಬೆ ಹಾಕಿದ್ದು. ಹಾಕಿದಾಗಿಂದ ನಾನು ಒಂದು ಸಲವೂ ಗಾಳಿ ಹೊಡೆದಿಲ್ಲ.”

ಬಾಯಲ್ಲಿದ್ದ ಬಿಸ್ಕತ್ತು ನನ್ನ ಗಂಟಲಿಗೆ ಸಿಕ್ಕಿಕೊಂಡಿತು. ಹಾರ್ಮೆನ್ ಗೆದ್ದ ಮುಖ ಮಾಡಿ ನನ್ನ ಬೆನ್ನು ತಟ್ಟಿದ. ಬಲಭುಜದ ಮೇಲೆಯೇ ತಟ್ಟಿದ, ಮಹಾನುಭಾವ. ಯಾರಿಗಾಗಿ ಇಷ್ಟೆಲ್ಲ ಹೋರಾಡಿದೆನೋ ಅವರೇ ಎದುರು ಪಕ್ಷ. ಎಲ್ಲರ ಮುಂದೆ ಹೇಳಿಬಿಡೋಣವೇ ಅನ್ನಿಸಿತು. ಹೇಳಿದರೆ ಆ ಹೆಂಗಸಿನ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನ ಭುಜ ಹೋಗುತ್ತದೆ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಕೂತೆ, ಉಗುಳಲೂ ಆಗದು ನುಂಗಲೂ ಆಗದು.

ಇನ್ನೂ ದೊಡ್ಡ ಪ್ರಮಾದ ಆಮೇಲೆ ನಡೆಯಿತು. ಯಾರೂ ಸೋತೆನೆಂದು ಮನೆಗೆ ಹೋಗಬಾರದು ಎಂಬುದು ಓನ್ನೋ ಅವರ ಧರ್ಮ. ಈ ವಿಷಯವನ್ನು ಎಲ್ಲರೂ ಒಂದು ತಿಂಗಳು ತಣ್ಣಗೆ ಯೋಚಿಸೋಣ ಎಂದರು. ಸರಿ. ಅಲ್ಲಿಯವರೆಗೆ ಕೈಪಂಪು ಅಲ್ಲೇ ಇದ್ದರೆ ಅದರ ಕಡೆಯವರಿಗೆ ಅನುಕೂಲವಾದಂತಾಗುತ್ತದೆ, ಕಂಪ್ರೆಸರ್ ಕಡೆಯವರಿಗೆ ಅನ್ಯಾಯವಾಗುತ್ತದೆ, ಆದ್ದರಿಂದ ಅದನ್ನು ಮೀಟರ್ ಕೋಣೆಯಲ್ಲಿಟ್ಟು ಬೀಗ ಹಾಕುವುದು ಎಂದರು. ಎಲ್ಲರೂ ತಲೆಯಾಡಿಸಿದರು. ನ್ಯಾಯವೆಂದರೆ ಹೀಗಿರಬೇಕು ಎಂದರು ಮೇಲಿನ ಮಹಡಿಯವರು. ಬೇಸತ್ತು ಮಂಕಾಗಿದ್ದ ನಾನೂ ಕೈ ಎತ್ತಿದೆನೆಂದರೆ ನೀವು ನಂಬಬೇಕು. ಮೆಟ್ಟಿಲು ಇಳಿಯುವಾಗ ಅರ್ಥವಾಯಿತು. ಹನ್ನೆರಡು ಮನೆಯ ಜನ ಸೇರಿ, ಎಲ್ಲರೂ ಒಪ್ಪಿ, ಯಾರಿಗೂ ಬೇಸರವಾಗದಂತೆ, ಇಡೀ ಕಟ್ಟಡಕ್ಕೆ ಒಂದೇ ಒಂದು ಪಂಪೂ ಇಲ್ಲದ ಹಾಗೆ ಮಾಡಿಕೊಂಡಿದ್ದೆವು.

ಮರುದಿನ ಬೆಳಿಗ್ಗೆ ಓನ್ನೋ ಅವರ ಬಾಗಿಲು ಬಡಿದೆ.

“ಕೀಲಿ ಕೊಡಿ. ಒಂದು ಗಳಿಗೆ ಸಾಕು.”

“ಕೊಡಬಹುದಿತ್ತು ಫೆಮ್ಮಿ. ಆದ್ರೆ ನಿಂಗೆ ಕೊಟ್ರೆ ಹಾರ್ಮೆನ್‌ಗೆ ಏನು ಹೇಳಲಿ?”

“ಹಾರ್ಮೆನ್ ಪಂಪಿನ ಕಡೆಯವನು ಕಣ್ರೀ. ನಾನು ಪಂಪು ಕೇಳ್ತಿದ್ದೀನಿ. ಅವನಿಗೆ ಖುಷಿಯಾಗುತ್ತೆ.”

“ಅದೇ ನೋಡು. ಅವನಿಗೆ ಖುಷಿಯಾದ್ರೆ ನಿನ್ನ ಕಡೆಯವರಿಗೆ ಬೇಸರ ಆಗಲ್ವಾ?”

“ನನ್ನ ಕಡೆ ಇರೋದು ನಾನೊಬ್ಬಳೇ.”

“ಅಲ್ಪಸಂಖ್ಯಾತರನ್ನ ಇನ್ನೂ ಜೋಪಾನವಾಗಿ ನೋಡ್ಕೋಬೇಕು” ಎಂದರು. ಕಣ್ಣಲ್ಲಿ ನಿಜವಾದ ಮರುಕವಿತ್ತು. ಅದಕ್ಕೇ ನನಗೆ ಅವರನ್ನು ಹೊಡೆಯಬೇಕೆನ್ನಿಸಿದ್ದು.

ಕೋಣನ ಮುಂದೆ ಕಿನ್ನರಿ ಬಾರಿಸಿ ಸಾಕಾಗಿ ಹೊರಟೆ. ಆ ವಾರಾಂತ್ಯ ದೂರದ ಊರಾದ ಎಮ್ಮೆನ್‌ನಲ್ಲಿ ಅಕ್ಕನ ಹುಟ್ಟುಹಬ್ಬ. ವೃತ್ತಾಕಾರವಾಗಿ ಕುರ್ಚಿ ಹಾಕಿಕೊಂಡು ಕೂತು, ಬಂದವರೆಲ್ಲ ಬಂದವರಿಗೆಲ್ಲ ಶುಭಾಶಯ ಹೇಳುವ ಆ ಕೂಟ ತಪ್ಪಿಸಿಕೊಂಡರೆ ಅಕ್ಕ ಮುಂದಿನ ವರ್ಷದವರೆಗೂ ಮಾತು ಬಿಡುತ್ತಾಳೆ. ಹೋದೆ. ವಾಪಸು ಬಂದದ್ದು ಭಾನುವಾರ ಸಂಜೆ. ನಮ್ಮ ಊರಿನಲ್ಲಿ ಭಾನುವಾರ ಚರ್ಚು ಬಿಟ್ಟು ಬೇರೇನೂ ತೆರೆದಿರುವುದಿಲ್ಲ. ಹೊಸದೊಂದು ಪಂಪು ಕೊಳ್ಳೋಣವೆಂದರೆ ಸೋಮವಾರ ಸೈಕಲ್ ಅಂಗಡಿಗೆ ರಜೆ. ಬೆಳಿಗ್ಗೆ ನೆಲಮಾಳಿಗೆಗೆ ಇಳಿದರೆ ಅಲೈಡಾ ಅವರ ಹಿಂದಿನ ಚಕ್ರ ರಿಮ್ಮಿನವರೆಗೂ ಕೂತುಬಿಟ್ಟಿತ್ತು. ಉಳಿದವರದ್ದೂ ಹೆಚ್ಚು ಕಡಿಮೆ ಹಾಗೇ. ಹಾರ್ಮೆನ್ ತನ್ನ ಮುಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದವನು ನನ್ನನ್ನು ಕಂಡ ಕೂಡಲೇ ನಡೆದುಕೊಂಡು ಹೋಗುವುದು ಆರೋಗ್ಯಕ್ಕೆ ಎಷ್ಟು ಒಳ್ಳೆಯದೆಂದು ಹೇಳಿ ನಡೆದುಕೊಂಡು ಹೋದ. ಸ್ವಲ್ಪ ಹೊತ್ತಿನಲ್ಲಿ ಹಸಿರು ಕೋಟು ಬಸ್ ನಿಲ್ದಾಣದ ಕಡೆ ಹೋಗುವುದನ್ನು ನನ್ನ ಕಿಟಕಿಯಿಂದ ನೋಡಿದೆ.

ಮಧ್ಯಾಹ್ನ ಅಲೈಡಾ ನನ್ನ ಬಾಗಿಲು ತಟ್ಟಿದರು. ಈ ಊರಿನಲ್ಲಿ ಮುಂಚೆ ಹೇಳದೆ ಯಾರೂ ಯಾರ ಮನೆಗೂ ಬರುವುದಿಲ್ಲ. ಕೋಟು ಬಿಚ್ಚದೆ ಅಡುಗೆಮನೆಯ ಕುರ್ಚಿಯ ಮೇಲೆ ಕೂತರು.

“ಅವರು ಯಾವಾಗ ತೀರ್ಮಾನ ಮಾಡ್ತಾರೆ?”

“ಇನ್ನೊಂದು ತಿಂಗಳು. ಯಾಕೆ, ನಿಮಗೆ ಪಂಪು ಬೇಡ ಅಂದಿರಲ್ಲ.” ಬೇಕೆಂದೇ ಚುಚ್ಚಿದೆ. ನನಗೆ ಸಿಟ್ಟಿತ್ತು.

ಅವರು ಸ್ವಲ್ಪ ಹೊತ್ತು ಮೇಜಿನ ಬಟ್ಟೆಯ ಅಂಚು ಸರಿಮಾಡಿದರು. “ಇವತ್ತು ಬಸ್ಸಲ್ಲಿ ಹೋದೆ. ಬಸ್ಸಿಳಿದ್ರೆ ಆಶ್ರಮದ ಹಿಂದಿನ ಬಾಗಿಲಿಂದ ಒಳಗೆ ಹೋಗ್ಬೇಕು. ವೀಬೆ ಕಿಟಕಿ ಕಡೆ ತಿರುಗಿ ಕೂತಿದ್ದ. ನಾನು ಪಕ್ಕದ ಕುರ್ಚಿಲಿ ಕೂತೆ. ಬಹಳ ಮರ್ಯಾದೆಯಿಂದ ಹೇಳಿದ, ತಾಯಿ, ಅಲ್ಲಿ ಕೂರಬೇಡಿ, ನನ್ನ ಹೆಂಡತಿ ಸೈಕಲ್ಲಲ್ಲಿ ಬರ್ತಿದ್ದಾಳೆ, ಅದು ಅವಳ ಜಾಗ ಅಂತ. ನಾನು ಎದ್ದು ಗೋಡೆ ಪಕ್ಕ ಇರೋ ಬೆಂಚಲ್ಲಿ ಕೂತೆ. ಅವನು ಊಟದ ಗಂಟೆ ಹೊಡೆಯೋವರೆಗೂ ದಾರಿ ನೋಡಿದ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕಾಫಿ ಮಾಡಲು ಎದ್ದೆ.

“ಅಲೈಡಾ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು” ಎಂದೆ, ಬೆನ್ನು ತಿರುಗಿಸಿಕೊಂಡೇ. “ನಿಮ್ಮ ಆ ಟ್ಯೂಬು...”

“ಸೇತುವೆ ಮೇಲೆ ಬಿದ್ದಾಗಿಂದ ಗಾಳಿ ನಿಲ್ಲಲ್ಲ. ಗೊತ್ತು.”

ತಿರುಗಿ ನೋಡಿದೆ.

“ಆ ನೆಲಮಾಳಿಗೆ ಇರೋದು ನನ್ನ ಮಂಚದ ಕೆಳಗೆ, ಫೆಮ್ಮಿ. ಪಂಪು ಕಿರುಚೋದು ಕೇಳಿಸಲ್ಲ ಅಂದ್ಕೊಂಡ್ಯಾ? ಮಾರ್ಚಿಂದ ಕೇಳ್ತಿದ್ದೀನಿ. ಮೊದಮೊದಲು ಸಲೀಸಾಗಿ ಹೊಡೀತಿದ್ದೆ. ಈಚೆಗೆ ನಡುವೆ ನಿಲ್ಲಿಸಿ ನಿಲ್ಲಿಸಿ ಹೊಡೀತೀಯ.”

ಕಾಫಿ ಪುಡಿಯ ಚಮಚ ಕೈಯಲ್ಲೇ ಉಳಿಯಿತು. ಅರ್ಧ ವರ್ಷ ಕಳ್ಳಿಯ ಹಾಗೆ ತುದಿಗಾಲಲ್ಲಿ ಇಳಿದು ಹತ್ತಿದ್ದೇನೆ, ಈಕೆ ಹಾಸಿಗೆಯಲ್ಲಿ ಮಲಗಿ ಲೆಕ್ಕ ಹಾಕುತ್ತಿದ್ದಾರೆ.

“ಗೊತ್ತಿದ್ದೂ ಕಂಪ್ರೆಸರ್ ಬೇಡ ಅಂದ್ರಾ? ನಾನು ಯಾರಿಗೋಸ್ಕರ ಬಡ್ಕೊಂಡೆ ಅಂದ್ಕೊಂಡ್ರಿ? ಹೋಗಲಿ, ಒಂದು ಹೊಸ ಟ್ಯೂಬಾದ್ರೂ ಹಾಕಿಸಬಾರದಾ?”

“ಅವನು ಹಾಕಿದ್ದನ್ನ ತೆಗೆಸಿ?” ಎಂದರು. “ಅದು ಅವನು ಕೊನೇಲಿ ಕೈಯಾರೆ ಮಾಡಿದ ಕೆಲಸ. ಆಶ್ರಮಕ್ಕೆ ಹೋಗೋಕೆ ಮುಂಚಿನ ವಾರ. ಅಂಗಳದಲ್ಲಿ ಸೈಕಲ್ ತಲೆಕೆಳಗು ಮಾಡಿಕೊಂಡು, ಇಡೀ ಮಧ್ಯಾಹ್ನ ಹಿಡೀತು. ಅವನಿಗೆ ನನ್ನ ಹೆಸರು ಮರೆತುಹೋಗಿದೆ, ಫೆಮ್ಮಿ. ಮಗಳೂ ಮರೆತುಹೋಗಿದ್ದಾಳೆ. ಆದ್ರೆ ನಾನು ಸೈಕಲ್ಲಲ್ಲಿ ಹೋಗಿ ಕೂತ ಕೂಡಲೇ ದಿನಾ ಒಂದು ಮಾತು ಕೇಳ್ತಾನೆ. ಹಿಂದಿನ ಚಕ್ರ ಹೇಗಿದೆ ಅಂತ. ನಾನು ಹೇಳ್ತೀನಿ, ಗಟ್ಟಿಯಾಗಿದೆ ವೀಬೆ, ನೀನು ಹಾಕಿದ ಮೇಲೆ ನಾನು ಒಂದು ಸಲವೂ ಗಾಳಿ ಹೊಡೆದಿಲ್ಲ. ಆಗ ಅವನ ಮುಖ ನೋಡ್ಬೇಕು ನೀನು.”

ನಾನು ಚಮಚ ಕೆಳಗಿಟ್ಟು ಅವರ ಎದುರು ಕೂತೆ.

“ಕಂಪ್ರೆಸರ್ ಬಂದ್ರೆ ನೀನು ಬಿಡ್ತೀಯ. ಗುಂಡಿ ಒತ್ತೋದು ತಾನೇ, ನೀವೇ ಒತ್ಕೊಳ್ಳಿ ಅಂತೀಯ. ಒತ್ತಿದ ಮೇಲೆ ಅವನಿಗೆ ನಾನು ಏನು ಹೇಳಲಿ? ನಾನು ಸುಳ್ಳು ಹೇಳೋಳಲ್ಲ.”

“ಈಗ ಹೇಳ್ತಿರೋದು ಮತ್ತೇನು?”

“ನಾನು ಗಾಳಿ ಹೊಡೆದಿಲ್ಲ ಅಂತೀನಿ. ಹೊಡೆದಿದ್ದೀನಾ?”

“ಇಲ್ಲ.”

“ಮತ್ತೆ?” ಎಂದರು. ಭಾನುವಾರ ಎರಡು ಹೊತ್ತು ಚರ್ಚಿಗೆ ಹೋಗುವ ಹೆಂಗಸು. ದೇವರ ಹತ್ತಿರವೂ ಇದೇ ವಾದ ಹೂಡುವವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು.

“ಮತ್ತೆ ನನ್ನ ಭುಜ?”

“ಎಡಗೈಗೆ ಭಾರ ಬಿಡು. ನೀನು ಬಲಗಡೆಗೇ ಒತ್ತುತ್ತೀಯ. ಸದ್ದಲ್ಲೇ ಗೊತ್ತಾಗುತ್ತೆ.”

ಇಂಥವರನ್ನು ಏನು ಮಾಡುವುದು ಹೇಳಿ. ನಾನು ನೇರ ಓನ್ನೋ ಅವರ ಮನೆಗೆ ಹೋಗಿ ನನ್ನ ಕಂಪ್ರೆಸರ್ ನನಗೆ ಬೇಡ, ಮಾತು ವಾಪಸು ತೆಗೆದುಕೊಂಡಿದ್ದೇನೆ, ಕೀಲಿ ಕೊಡಿ ಎಂದೆ. ಒಪ್ಪಿದ್ದನ್ನು ಬಿಡುವುದಕ್ಕೂ ಎಲ್ಲರೂ ಒಪ್ಪಬೇಕು ಎಂದರು. ಪುಣ್ಯಕ್ಕೆ ಅಷ್ಟು ಹೊತ್ತಿಗೆ ಎಲ್ಲರ ಟೈರೂ ಚಪ್ಪಟೆಯಾಗಿದ್ದುದರಿಂದ ಅದೇ ಸಂಜೆ ಒಬ್ಬರೂ ತಪ್ಪಿಸದೆ ಬಂದರು. ಕಾಫಿ ಬಂತು, ತಲೆಗೊಂದು ಬಿಸ್ಕತ್ತು ಬಂತು, ಮುಚ್ಚಳ ಬಿತ್ತು. ನಾನು ನನ್ನ ಸೋಲನ್ನು ಎರಡು ಮಾತಿನಲ್ಲಿ ಹೇಳಿ ಕೂತೆ.

ಹಾರ್ಮೆನ್ ಗಂಟಲು ಸರಿಮಾಡಿಕೊಂಡ. “ಫೆಮ್ಮಿ ಇಷ್ಟು ದೊಡ್ಡ ಮನಸ್ಸು ಮಾಡಿದ ಮೇಲೆ ನಾನೂ ಒಂದು ಹೆಜ್ಜೆ ಇಡಬೇಕು. ಈ ಮೂರು ದಿನ ನಡೆದೂ ನಡೆದೂ ನಂಗೂ ಯೋಚನೆ ಬಂತು. ಕಂಪ್ರೆಸರ್ ಅಷ್ಟೇನೂ ಕೆಟ್ಟದ್ದಲ್ಲ. ತರಿಸೋಣ.”

ಓನ್ನೋ ಅವರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮೇಲಿನ ಮಹಡಿಯವರು ಮೇಜು ತಟ್ಟಿದರು. ಅಲೈಡಾ ಬಟ್ಟಲಿನೊಳಗೆ ನೋಡುತ್ತಾ ಕೂತಿದ್ದರು. ತಲೆಗೆ ಬಂದ ಒಂದೇ ಬಿಸ್ಕತ್ತನ್ನೂ ಅವರು ಮುಟ್ಟಿರಲಿಲ್ಲ. ಅದನ್ನು ನೋಡಿದವಳು ನಾನೊಬ್ಬಳೇ.

“ಬೇಡ” ಎಂದೆ.

“ಯಾಕೆ? ನೀನೇ ಕೇಳಿದ್ದು” ಎಂದ ಹಾರ್ಮೆನ್.

“ಗಾಳಿ ಹೊಡೆಯೋದು ವ್ಯಾಯಾಮ” ಎಂದೆ. “ಬೆನ್ನಿಗೆ ಒಳ್ಳೇದು, ಎದೆಗೆ ಒಳ್ಳೇದು.”

“ನಿನ್ನ ಭುಜ ಹಿಡ್ಕೊಂಡಿದೆ ಅಂತಿದ್ದೆ?”

“ಭುಜಕ್ಕಂತೂ ಬಹಳ ಒಳ್ಳೇದು. ಆ ಮಿಷನ್ ಗಡಗಡ ಅಂದ್ರೆ ನಿನ್ನ ಮಂಚ ನಡುಗಲ್ವಾ? ಟ್ಯೂಬು ಢಂ ಅಂದ್ರೆ ಜವಾಬ್ದಾರಿ ಯಾರದು?”

ನನ್ನ ಬಾಯಿಂದಲೇ ಹಾರ್ಮೆನ್‌ನ ಮಾತುಗಳು ಒಂದೊಂದಾಗಿ ಬರುತ್ತಿದ್ದವು. ಅವನು ತನ್ನ ಮಾತಿಗೆ ತಾನೇ ಉತ್ತರ ಹುಡುಕಲಾರದೆ ತಲೆ ಕೆರೆದುಕೊಂಡ. ಕೊನೆಗೆ ಎಲ್ಲರೂ ಕೈಪಂಪಿಗೆ ಒಪ್ಪಿದರು. ಯಾರಿಗಾದರೂ ಬೇಸರವಿದೆಯೇ ಎಂದು ಓನ್ನೋ ಒಬ್ಬೊಬ್ಬರನ್ನೂ ಕೇಳಿದರು. ನನ್ನ ಸರದಿ ಬಂದಾಗ ಇಲ್ಲ ಎಂದೆ. ಆ ಸಂಜೆ ಅಲ್ಲಿ ಸುಳ್ಳು ಹೇಳಿದವಳು ನಾನೊಬ್ಬಳೇ ಇರಬೇಕು.

ಮರುದಿನ ಬೆಳಕು ಹರಿಯುವ ಮುಂಚೆ ಇಳಿದೆ. ತುದಿಗಾಲಲ್ಲಿ ಅಲ್ಲ, ಧಾರಾಳವಾಗಿ ಚಪ್ಪಲಿ ಸದ್ದು ಮಾಡಿಕೊಂಡೇ. ಎಡಗೈಗೆ ಭಾರ ಬಿಟ್ಟು ಒತ್ತಿ ನೋಡಿದೆ. ಹೇಳಲು ಬೇಜಾರು, ಸ್ವಲ್ಪ ಹಗುರವಾಗಿಯೇ ಇತ್ತು. ಪಂಪು ಕಿರುಚಿತು. ಮುಗಿಸಿ ಸರಪಳಿ ಹಾಕಿದ ಮೇಲೆ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ಅಲೈಡಾ ಹಸಿರು ಕೋಟು ಹಾಕಿಕೊಂಡು ಇಳಿದು ಬಂದರು.

“ಏನು ಫೆಮ್ಮಿ, ಇಷ್ಟು ಬೇಗ?”

“ನಿದ್ದೆ ಬರ್ಲಿಲ್ಲ.”

ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ನೋಡು, ಎಷ್ಟು ಗಟ್ಟಿಯಾಗಿದೆ” ಎಂದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಆ ಮಧ್ಯಾಹ್ನ ನನ್ನನ್ನು ಕಾಫಿಗೆ ಕರೆದಿದ್ದರು. ನಾನು ಕೂತ ಕೂಡಲೇ ಕೇಳಿದೆ.

“ವೀಬೆ ಗುರುತು ಹಿಡಿದ್ರಾ?”

“ದೂರದಿಂದಲೇ ಕೈ ಬೀಸಿದ.”

“ಚಕ್ರದ ಬಗ್ಗೆ ಕೇಳಿದ್ರಾ?”

“ಕೇಳಿದ.”

“ಏನಂದ್ರಿ?”

“ಇದ್ದದ್ದನ್ನ ಹೇಳಿದೆ” ಎಂದರು ಅಲೈಡಾ. ಬಿಸ್ಕತ್ತಿನ ಡಬ್ಬಿ ನನ್ನ ಮುಂದೆ ಹಿಡಿದರು. ಒಂದು ತೆಗೆದುಕೊಂಡೆ. ಅವರು ಮುಚ್ಚಳ ಹಾಕಿದರು, ಸ್ವಲ್ಪ ಹೊತ್ತು ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಕೂತರು, ಆಮೇಲೆ ಮುಚ್ಚಳ ತೆಗೆದು ಮತ್ತೆ ನನ್ನ ಮುಂದೆ ಹಿಡಿದರು. ಬಲಗೈ ಮೇಲೇಳಲಿಲ್ಲ. ಎಡಗೈಯಲ್ಲಿ ತೆಗೆದುಕೊಂಡೆ.